ರಶೀದಿಯಲ್ಲೇ ಇತ್ತು, ನಾನು ಓದಲಿಲ್ಲ: ಪ್ಲಸ್ ಟು ಮುಗಿಸಿದ ಮಕ್ಕಳಿರುವ ಮನೆಯವರು ಗಮನಿಸಿ

ಮೊನ್ನೆ ಪ್ಲಸ್ ಟು ಫಲಿತಾಂಶ ಬಂತು. ಕಾಮರ್ಸ್ ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಹೋದ ವರ್ಷ ಬಿ.ಕಾಂ. ಎಂದು ಹೇಳಿ ನಮ್ಮಿಂದ ದುಡ್ಡು ತೆಗೆದುಕೊಂಡರು. ನಾವು ಸೇರಿಸಿದ್ದೇವೆ ಎಂದುಕೊಂಡ ಬಿ.ಕಾಂ. ಅಲ್ಲಿ ಇರಲೇ ಇಲ್ಲ. ಸಂಸ್ಥೆಯ ಹೆಸರು ಹಾಕುವುದಿಲ್ಲ, ಅಕ್ಕನ ಮಗಳಿಗೆ ಇನ್ನೂ ಒಂದು ತೊಂದರೆ ಬೇಡ. ಉಳಿದದ್ದೆಲ್ಲ ನಡೆದ ಹಾಗೇ ಹೇಳುತ್ತೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ನಾನೂ ಬಿ.ಕಾಂ. ಓದಿದವನು. ಭಾವ ಗಲ್ಫಿನಲ್ಲಿರುವುದರಿಂದ ಅಕ್ಕನ ಮನೆಯ ಕಾಗದಪತ್ರದ ಕೆಲಸವೆಲ್ಲ ನನ್ನದು. 2024ರ ಜೂನ್‌ನಲ್ಲಿ ಹುಡುಗಿಗೆ ಕಣ್ಣೂರು ವಿಶ್ವವಿದ್ಯಾಲಯದ ಅಲಾಟ್‌ಮೆಂಟಿನಲ್ಲಿ ಸರಕಾರಿ ಕಾಲೇಜಿನಲ್ಲೇ ಸೀಟು ಬಂದಿತ್ತು. ಆ ಸೀಟು ಬಿಡಿಸಿದವನು ನಾನು. ಅಕ್ಕ ಅಲ್ಲ, ಭಾವ ಅಲ್ಲ, ನಾನು.

ಪರಿಚಯದವರ ಮೂಲಕ ಮನೆಗೇ ಒಬ್ಬರು ಬಂದಿದ್ದರು. ನಮ್ಮ ಕಡೆಯವರೇ, ತುಳು, ಕನ್ನಡ, ಮಲಯಾಳ ಮೂರೂ ಸಲೀಸು. "ಅಣ್ಣಾ, ಕೇರಳದಲ್ಲಿ ಈ ವರ್ಷದಿಂದ ಡಿಗ್ರಿ ನಾಲ್ಕು ವರ್ಷ. ಮಂಗಳೂರಿನಲ್ಲಿ ಮೂರೇ ವರ್ಷ. ಹೆಣ್ಣು ಹುಡುಗಿಗೆ ಒಂದು ವರ್ಷ ಯಾಕೆ ಹಾಳು ಮಾಡ್ತೀರಿ?" ಅಂದರು. ಈ ಮಾತಿಗೇ ನಾನು ಬಿದ್ದದ್ದು. ಕೇರಳದಲ್ಲಿ 2024ರ ಜುಲೈ 1ರಂದು ನಾಲ್ಕು ವರ್ಷದ ಡಿಗ್ರಿ ಸುರುವಾದದ್ದು ನಿಜ. ಆದರೆ ಮೂರು ವರ್ಷಕ್ಕೇ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು, ನಾಲ್ಕನೆಯದು ಆನರ್ಸ್ ಬೇಕಾದವರಿಗೆ ಮಾತ್ರ. ಅರ್ಧ ಸತ್ಯ ಹೇಳಿ ಉಳಿದರ್ಧ ನುಂಗಿದರು. ಕಾಲೇಜಿಗೆ ಒಂದು ಫೋನು ಮಾಡಿದ್ದರೆ ಗೊತ್ತಾಗುತ್ತಿತ್ತು. ನಾನು ಮಾಡಲಿಲ್ಲ.

ಮತ್ತೆ ಎಸಿಸಿಎ ಆಸೆ, ಬ್ರಿಟನ್ನಿನ ಒಂದು ಸಂಸ್ಥೆ ಕೊಡುವ ಅಕೌಂಟೆಂಟ್ ಅರ್ಹತೆ ಅದು. "ಬಿ.ಕಾಂ. ಜೊತೆಗೇ ಎಸಿಸಿಎ, 13 ಪೇಪರಿನಲ್ಲಿ 9 ನಾವೇ ಮಾಫಿ ಮಾಡಿಸ್ತೇವೆ, ಮುಗಿಸಿ ಸೀದಾ ದುಬೈ." ಭಾವ ಅಲ್ಲೇ ಇರುವುದರಿಂದ ಮನೆಯಲ್ಲಿ ಎಲ್ಲರಿಗೂ ಅದು ಹಿಡಿಸಿತು. ವಿನಾಯಿತಿ ಕೊಡುವುದು ಎಸಿಸಿಎ ಸಂಸ್ಥೆಯೇ ಹೊರತು ಕ್ಲಾಸು ನಡೆಸುವವರಲ್ಲ. ಯಾವ ಡಿಗ್ರಿ ಎಂದು ನೋಡಿಯೇ ಕೊಡುತ್ತಾರೆ, ಅದಕ್ಕೂ ಪೇಪರಿಗೆ ಇಷ್ಟು ಎಂದು ಬೇರೆ ಶುಲ್ಕ ಉಂಟು. ಕೊನೆಯ ಹಂತದ ನಾಲ್ಕು ಪೇಪರಿಗಂತೂ ಯಾರಿಗೂ ವಿನಾಯಿತಿ ಇಲ್ಲ, ಅದರ ಮೇಲೆ 36 ತಿಂಗಳ ಕೆಲಸದ ಅನುಭವ ಬೇಕು. ಇದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡದ್ದು. ಆಮೇಲೆ.

ಮೊದಲ ವರ್ಷಕ್ಕೆಂದು 84,960 ರೂಪಾಯಿ ಕಟ್ಟಿದೆವು. ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಮಾರ್ಕ್‌ಲಿಸ್ಟು, ಟಿ.ಸಿ. ಎಲ್ಲ ಒರಿಜಿನಲ್ ಅವರ ಕೈಗೆ. ಅದರ ಜೊತೆ ಹುಡುಗಿಯಿಂದ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ನಡುವೆ ಬಿಟ್ಟರೆ ಮೂರು ವರ್ಷದ ಫೀಸು ಪೂರ್ತಿ ಕಟ್ಟಬೇಕು ಎಂದು.

ಜುಲೈಯಲ್ಲಿ ಕ್ಲಾಸು ಸುರುವಾಯಿತು. ವಾರಕ್ಕೊಮ್ಮೆ ಬಂದಾಗ ಎಂತ ಕಲಿಸಿದರು ಎಂದು ಕೇಳುತ್ತಿದ್ದೆ. ಇಂಟರ್‌ವ್ಯೂನಲ್ಲಿ ಕೂತುಕೊಳ್ಳುವುದು ಹೇಗೆ, ಗ್ರೂಪ್ ಡಿಸ್ಕಷನ್, ಇಂಗ್ಲಿಷ್ ಮಾತು. ಮೂರು ತಿಂಗಳಿಗೂ ಅದೇ. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಅವಳು ಪ್ಲಸ್ ಟುವಿನಲ್ಲೇ ಕಲಿತಿದ್ದಳು, ಅದರಿಂದ ಮುಂದೆ ಒಂದು ಹೆಜ್ಜೆ ಇಲ್ಲ. ಕಂಪೆನಿ ಅಕೌಂಟ್ಸ್ ಇಲ್ಲ, ಕಾಸ್ಟಿಂಗ್ ಇಲ್ಲ, ಬಿಸಿನೆಸ್ ಲಾ ಇಲ್ಲ. "ಮುಂದಿನ ಸೆಮಿಸ್ಟರಿನಲ್ಲಿ ಬರ್ತದಂತೆ ಮಾವಾ" ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ರಾತ್ರಿ ಅವಳಿಂದ ಫೋನು. "ಮಾವಾ, ಆಫೀಸಿನವರು ಒಟಿಪಿ ಕೇಳ್ತಿದ್ದಾರೆ. ಡೆಬ್ ಐಡಿ ಮಾಡ್ಲಿಕ್ಕಂತೆ." ಅದೆಂತದು ಎಂದು ಹುಡುಕಿದೆ. ದೂರಶಿಕ್ಷಣಕ್ಕೋ ಆನ್‌ಲೈನ್ ಕೋರ್ಸಿಗೋ ಸೇರುವವರಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ, ಕಡ್ಡಾಯ ಮಾಡಿದ ನಂಬರು ಅದು. ದೂರಶಿಕ್ಷಣ! ನಾಲ್ಕು ತಿಂಗಳಿಂದ ದಿನಾ ಕ್ಲಾಸಿಗೆ ಹೋಗುವ ಹುಡುಗಿಗೆ ಆ ನಂಬರು ಯಾಕೆ?

ಎದ್ದು ಕಪಾಟು ತೆಗೆದು ರಶೀದಿ ನೋಡಿದೆ. "ತರಬೇತಿ ಶುಲ್ಕ 72,000. ಜಿಎಸ್‌ಟಿ ಶೇ. 18, 12,960. ಒಟ್ಟು 84,960." ಬಿ.ಕಾಂ. ಎಂಬ ಶಬ್ದವೇ ಅದರಲ್ಲಿಲ್ಲ. ಡಿಗ್ರಿ ಕಾಲೇಜಿನ ಪಾಠದ ಫೀಸಿಗೆ ಜಿಎಸ್‌ಟಿ ಇಲ್ಲ. ಶೇ. 18 ಹಾಕುವುದು ಕೋಚಿಂಗ್ ಸೆಂಟರಿನವರು. ಇದು ನನಗೆ ಗೊತ್ತಿಲ್ಲದ ವಿಷಯವಾ? ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವವನು ನಾನು, ದಿನಕ್ಕೆ ಎಷ್ಟೋ ಬಿಲ್ಲಿನಲ್ಲಿ ಆ ಸಾಲು ನೋಡುತ್ತೇನೆ. ಅಂಗಡಿಗೆ ಬರುವ ಸಿಮೆಂಟಿನ ಬಿಲ್ಲು ಎರಡೆರಡು ಸಲ ಓದುತ್ತೇನೆ, ಅಕ್ಕನ ಮಗಳ ರಶೀದಿಯನ್ನು ಮಡಚಿ ಕಿಸೆಗೆ ಹಾಕಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಮಂಗಳೂರಿಗೆ ಹೋದೆ. ಮ್ಯಾನೇಜರ್ ಎನ್ನುವವರು ಚಾ ತರಿಸಿದರು. ಇದು ದೂರಶಿಕ್ಷಣವಾ ಎಂದು ಕೇಳಿದೆ. "ಸಾರ್, ಡಿಗ್ರಿ ಡಿಗ್ರಿಯೇ. ರೆಗ್ಯುಲರಿಗೆ ಸಮ ಅಂತ ಯುಜಿಸಿಯೇ ಹೇಳಿದೆ." ಹೌದು, 2022ರಲ್ಲಿ ಹೇಳಿದೆ. ದೂರಶಿಕ್ಷಣವನ್ನು ನಾನು ಕೀಳು ಮಾಡುವುದಿಲ್ಲ, ಕೆಲಸ ಮಾಡುತ್ತಾ ಓದಿ ಮೇಲೆ ಬಂದವರು ಎಷ್ಟೋ ಜನ ಇದ್ದಾರೆ. ಸಮವೇ ಆಗಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಎಂದೆ. ನೀವು ರೆಗ್ಯುಲರ್ ಎಂದು ಬ್ರೋಷರಿನಲ್ಲಿ ಹಾಕಿದ್ದೀರಲ್ಲ ಎಂದೆ. ಅವರು ಬ್ರೋಷರ್ ತೆಗೆದು ಬೆರಳಿಟ್ಟು ತೋರಿಸಿದರು: "ರೆಗ್ಯುಲರ್ ಕ್ಲಾಸಸ್ ಅಂತ ಉಂಟು ಸಾರ್. ಕ್ಲಾಸು ದಿನಾ ಆಗಿದೆಯಲ್ಲ?"

ನಾನು ಬಿಡಲಿಲ್ಲ. ಆ ವರ್ಷದ ಯುಜಿಸಿ ನಿಯಮದಂತೆ ಅಕ್ಟೋಬರ್ 31ರೊಳಗೆ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದು ಉಳಿದದ್ದು ವಾಪಸು ಕೊಡಬೇಕು ಎಂದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಅದು ಕಾಲೇಜಿನವರಿಗೆ. ನಾವು ಕಾಲೇಜು ಅಂತ ನಿಮಗೆ ಯಾರು ಹೇಳಿದ್ದು?"

ಯಾರು ಹೇಳಿದ್ದು! ಮನೆಗೆ ಬಂದು ನಮ್ಮ ಚಾವಡಿಯಲ್ಲಿ ಕೂತು, ಅಕ್ಕ ಕೊಟ್ಟ ಕಾಫಿ ಕುಡಿದು ಹೇಳಿದವರು ಯಾರು? ಅವರಿಗೆ ಫೋನು ಮಾಡಿದೆ. "ನಾನು ಸೇರಿಸಿ ಕೊಡುವವ ಮಾತ್ರ ಅಣ್ಣಾ, ಒಳಗಿನದ್ದು ನನಗೆ ಗೊತ್ತಿಲ್ಲ" ಎಂದರು. ಆಮೇಲೆ ಫೋನೇ ಎತ್ತಲಿಲ್ಲ.

ಮಾರ್ಕ್‌ಲಿಸ್ಟಾದರೂ ಕೊಡಿ ಎಂದರೆ ಹುಡುಗಿ ಸಹಿ ಹಾಕಿದ ಕಾಗದ ಮುಂದಿಟ್ಟರು, ಉಳಿದ ಎರಡು ವರ್ಷದ್ದೂ ಕಟ್ಟಿ ತೆಗೆದುಕೊಂಡು ಹೋಗಿ ಎಂದರು. ನಾನು ತಲೆ ತಗ್ಗಿಸಿಕೊಂಡು ಬಂದೆ. ದಾರಿ ತೆಗೆದದ್ದು ಹುಡುಗಿಯೇ. ಸರಕಾರಿ ಕಾಲೇಜಿಗೆ ಸೇರಿದ ಗೆಳತಿಯ ಹತ್ತಿರ ಬಿಸಿನೆಸ್ ಲಾ ಪುಸ್ತಕ ತಂದು ಓದಿದ್ದಳು. "ಮಾವಾ, ಸಹಿ ಹಾಕುವಾಗ ನನಗೆ ಹದಿನೇಳು. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ನೋಡಿ. 18 ಆಗದವರು ಕರಾರು ಮಾಡುವ ಹಾಗೇ ಇಲ್ಲ. 1903ರ ಮೊಹೊರಿ ಬೀಬಿ ಕೇಸಿನಲ್ಲಿ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು ಪ್ರಿವಿ ಕೌನ್ಸಿಲ್‌ನ ತೀರ್ಪೂ ಉಂಟು." ಬಿ.ಕಾಂ. ಓದಿದವರೆಲ್ಲ ಪರೀಕ್ಷೆಗೆ ಬರೆದ ಕೇಸು ಅದು, ನಾನೂ ಬರೆದಿದ್ದೆ. ನನಗೆ ನೆನಪಾಗಲಿಲ್ಲ. ಅವರು ಕಲಿಸದೆ ಬಿಟ್ಟದ್ದನ್ನು ಇವಳು ಒಬ್ಬಳೇ ಕೂತು ಕಲಿತಿದ್ದಳು.

ಅದನ್ನೇ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಡಿಗ್ರಿ ಕೊಡುವ ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ. ದೂರಶಿಕ್ಷಣವನ್ನು ಫ್ರಾಂಚೈಸಿಗೆ, ಅಂದರೆ ಹೀಗೆ ಬೇರೆಯವರ ಕೈಗೆ, ಕೊಡುವಂತಿಲ್ಲ ಎಂದು ಯುಜಿಸಿಯ 2020ರ ನಿಯಮದಲ್ಲಿದೆ. ಡಿಸೆಂಬರಿನಲ್ಲಿ ಮಾರ್ಕ್‌ಲಿಸ್ಟು, ಟಿ.ಸಿ. ಕೈಗೆ ಬಂತು. ದುಡ್ಡು ಇವತ್ತಿನವರೆಗೆ ಬಂದಿಲ್ಲ. ಮಂಗಳೂರಿಗೆ ಅಲೆಯಬೇಕಾಗಿಲ್ಲ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ವಕೀಲರು ಹೇಳಿದ ಮೇಲೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಕೊಟ್ಟಿದ್ದೇವೆ.

ದುಡ್ಡು ಕಟ್ಟುವ ಮೊದಲು ರಶೀದಿಯ ಮಾದರಿ ಕೇಳಿ. ಜಿಎಸ್‌ಟಿ ಇದ್ದರೆ ಎದ್ದು ಬನ್ನಿ. ಯಾವ ವಿಶ್ವವಿದ್ಯಾಲಯ, ಯಾವ ರೀತಿಯ ಕೋರ್ಸು ಎಂದು ಬರಹದಲ್ಲಿ ಕೊಡಲಿ. ಒರಿಜಿನಲ್ ಕೈಬಿಡಬೇಡಿ. ಮನೆಗೆ ಬಂದು "ಅಣ್ಣಾ" ಎನ್ನುವವರನ್ನು ನಾನಂತೂ ಇನ್ನು ಒಳಗೆ ಕರೆಯುವುದಿಲ್ಲ.

ಹುಡುಗಿ ಪುನಃ ಅಲಾಟ್‌ಮೆಂಟಿಗೆ ಅರ್ಜಿ ಹಾಕುತ್ತಿದ್ದಾಳೆ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ.

ನಿನ್ನೆ ಸಂಜೆ ಅದೇ ಮನುಷ್ಯ ನಮ್ಮ ಅಂಗಡಿಯ ಎದುರಿನಿಂದಲೇ ಗುಡ್ಡೆಯ ಮೇಲಿನ ಮನೆಗೆ ಹೋದದ್ದು ಕಂಡೆ. ಅಲ್ಲಿಯೂ ಪ್ಲಸ್ ಟು ಮುಗಿಸಿದ ಹುಡುಗ ಇದ್ದಾನೆ. ಅಂಗಡಿ ಮುಚ್ಚಿ, ರಶೀದಿ ಹಿಡಿದುಕೊಂಡು ನಾನು ಹೋಗುವಾಗ ಅಡ್ವಾನ್ಸ್ ಐದು ಸಾವಿರ ಕೊಟ್ಟಾಗಿತ್ತು.