ಉತಾರ (ಪಹಣಿ) ನೋಡದೆ ಇಸಾರ (ಮುಂಗಡ) ಕೊಡಬೇಡಿ

ಬೆಳಗಾವಿ ಸುತ್ತಮುತ್ತ ಬಾಂಡ್ ಮೇಲೆ, ಅಂದರೆ ನೋಂದಣಿ ಇಲ್ಲದೆ ಬರೀ ಛಾಪಾ ಕಾಗದದ ಕರಾರಿನ ಮೇಲೆ, ಪ್ಲಾಟ್ ತಗೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 5,44,000 ರೂಪಾಯಿ ಕೊಟ್ಟು ಕೂತಿದ್ದೇನೆ. ಪ್ಲಾಟೂ ಇಲ್ಲ, ರೊಕ್ಕವೂ ಇಲ್ಲ. ಇರುವುದು ನೂರು ರೂಪಾಯಿಯ ಒಂದು ಬಾಂಡ್ ಮತ್ತು ಒಂದು ಬಣ್ಣದ ನಕ್ಷೆ.

ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷಿನ್ ಆಪರೇಟರ್. ಹದಿನಾಲ್ಕು ವರ್ಷ ಆಯಿತು. ಊರು ಬೈಲಹೊಂಗಲ ಕಡೆ. ಕೈಗೆ ಬರುವ ಸಂಬಳ 19 ಸಾವಿರ, ಓಟಿ ಸಿಕ್ಕ ತಿಂಗಳು 22 ಸಾವಿರ. ಅನಗೋಳದಲ್ಲಿ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುತ್ತೆ, ಬಾಡಿಗೆಯೂ ಏರುತ್ತೆ. ಇಷ್ಟು ವರ್ಷದಲ್ಲಿ ಐದು ಮನೆ ಬದಲಿಸಿದ್ದೇವೆ. ಒಂದು ಮನೆ ಬಿಡುವಾಗ, ಕ್ಯಾಲೆಂಡರ್ ಹಾಕಲು ಹೊಡೆದಿದ್ದ ಮೂರು ಮೊಳೆಗೆ ಡಿಪಾಜಿಟ್‌ನಲ್ಲಿ 1,500 ರೂಪಾಯಿ ಹಿಡಿದುಕೊಂಡರು. ಅವತ್ತು ನನ್ನ ಹೆಂಡತಿ, "ಎಷ್ಟ ಸಣ್ಣದಿದ್ರೂ ಅಡ್ಡಿಯಿಲ್ಲ, ನಮ್ಮದಂತ ಒಂದ ಗ್ವಾಡಿ ಬೇಕು" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪ್ಲಾಟ್ ಮಾರುವವರಿಗೆ ನಮ್ಮಂಥವರ ಈ ಆಸೆ ಚೆನ್ನಾಗಿ ಗೊತ್ತು.

2022ರ ಏಪ್ರಿಲ್‌ನಲ್ಲಿ ಊಟದ ಬಿಡುವಿನಲ್ಲಿ ಮಾತು ಶುರುವಾಯಿತು. ಏಜೆಂಟ್ ಹೊರಗಿನವನಲ್ಲ. ಮೊದಲು ನಮ್ಮ ಶಿಫ್ಟಿನಲ್ಲೇ ಇದ್ದವನು, ನಂತರ ಕೆಲಸ ಬಿಟ್ಟು ಪ್ಲಾಟ್ ವ್ಯವಹಾರಕ್ಕೆ ಇಳಿದಿದ್ದ. ಖಾನಾಪುರ ರಸ್ತೆಯಿಂದ ಒಳಗೆ ಹೋದರೆ ಒಂದು ಹೊಲ. 30 ಬೈ 40 ಪ್ಲಾಟಿಗೆ ಆರೂವರೆ ಲಕ್ಷ. ಒಂದಷ್ಟು ಇಸಾರ ಕೊಟ್ಟರೆ ಉಳಿದದ್ದು ಕಂತಿನಲ್ಲಿ. ಬಡ್ಡಿ ಇಲ್ಲ, ಬ್ಯಾಂಕಿಗೆ ಅಲೆಯೋದಿಲ್ಲ. ಎನ್‌ಎ ಆದ, ಅಂದರೆ ಕೃಷಿಯೇತರ ಬಳಕೆಗೆ ಸರಕಾರ ಒಪ್ಪಿಗೆ ಕೊಟ್ಟ ಪ್ಲಾಟಿನ ರೇಟು ನಮ್ಮ ಕೈಗೆ ನಿಲುಕುವ ಮಾತೇ ಆಗಿರಲಿಲ್ಲ. ನಮ್ಮ ಯುನಿಟ್‌ನಿಂದಲೇ ಹನ್ನೊಂದು ಜನ ತಯಾರಾದೆವು. ಹನ್ನೊಂದು ಜನ ಒಟ್ಟಿಗೆ ಮೋಸ ಹೋಗ್ತಾರಾ ಅಂತ ಪ್ರತಿಯೊಬ್ಬನೂ ಅಂದುಕೊಂಡ. ಒಬ್ಬನೂ ಹೋಗಿ ಕಾಗದ ನೋಡಲಿಲ್ಲ.

ಮೇ 3, ಬಸವ ಜಯಂತಿ, ಅಕ್ಷಯ ತದಿಗೆ. ಹೊಲದಲ್ಲಿ ಪೆಂಡಾಲ್ ಹಾಕಿದ್ದರು. ಶಿರಾ, ಉಪ್ಪಿಟ್ಟು, ಚಹಾ. ಗದ್ದೆಯ ಬದು ಒಡೆದು ಜೆಸಿಬಿಯಿಂದ ರಸ್ತೆ ಗೆರೆ ಎಳೆದಿದ್ದರು. ಬಿಳಿ, ಹಳದಿ ಬಣ್ಣದ ಕಲ್ಲು ನೆಟ್ಟಿದ್ದರು. ಎಲ್ಲರ ಕೈಗೂ ನಕ್ಷೆ ಕೊಟ್ಟರು. ಅದರಲ್ಲಿ ಹಸಿರು ಗಾರ್ಡನ್, ಗುಡಿ, ಮೂವತ್ತು ಅಡಿ ರಸ್ತೆ, 58 ಪ್ಲಾಟ್. ನನ್ನದು 17ನೇ ನಂಬರ್. ಆ ನಕ್ಷೆಯನ್ನು ಈಗ ನೋಡಿದರೆ ಒಂದೇ ಒಂದು ಸರಕಾರಿ ಸಹಿ ಇಲ್ಲ, ಆದೇಶದ ನಂಬರ್ ಇಲ್ಲ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮಾಡಿಸಿದ ಚಿತ್ರ ಅಷ್ಟೇ. ಅವತ್ತು ಅದನ್ನು ಮಡಚಿದರೆ ಗೆರೆ ಬೀಳುತ್ತೆ ಅಂತ ಸುರುಳಿ ಸುತ್ತಿ ಮನೆಗೆ ತಂದಿದ್ದೆ.

ಎನ್‌ಎ ಆಗಿದೆಯಾ ಅಂತ ಕೇಳಿದೆ. "ಎನ್‌ಎಗೆ ಹಾಕೇವ್ರೀ ಅಣ್ಣಾ, ಆರು ತಿಂಗಳಾಗ ಆಗತೈತಿ. ಆದ ಮ್ಯಾಲೆ ಈ ರೇಟಿಗೆ ಸಿಗಂಗಿಲ್ಲ ನೋಡ್ರಿ" ಅಂದ.

ನನ್ನ ಹೆಂಡತಿ ಮಾತ್ರ, "ಹೊಲದ ಉತಾರ ಐತೇನ್ರಿ? ಒಂದ್ಸಲ ತೋರಸ್ರಿ" ಅಂದಳು. ಅವನು ನಕ್ಕು, "ವೈನಿ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಅಂದ. ಸುತ್ತ ಎಲ್ಲರೂ ನಮ್ಮನ್ನೇ ನೋಡಿದರು. ನನಗೆ ಮುಜುಗರವಾಯಿತು. "ನೀ ಸುಮ್ನಿರು" ಅಂತ ಅವಳಿಗೇ ಗದರಿದೆ. ಇಡೀ ವ್ಯವಹಾರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಕೇಳಿದವಳ ಬಾಯಿ ಮುಚ್ಚಿಸಿದವನು ನಾನು. ಈ ನೋವು ಹಣದ್ದಕ್ಕಿಂತ ಜಾಸ್ತಿ ಇದೆ ನನಗೆ.

ಮಾರನೇ ದಿನ ಬಾಂಡ್ ಆಯಿತು. ಎರಡು ಪುಟ ಟೈಪ್ ಮಾಡಿದ ಸಾಟೆ ಕರಾರು, ಅಂದರೆ ಮುಂದೆ ಮಾರಿಕೊಡುತ್ತೇನೆ ಅನ್ನುವ ಒಪ್ಪಂದ. ಪ್ರತಿ ಪುಟದ ಕೆಳಗೆ ನನ್ನ ಸಹಿ, ಹೊಲದ ಮಾಲೀಕನ ಹೆಬ್ಬೆಟ್ಟು. ನೋಟರಿಯ ದುಂಡನೆ ಸೀಲು, ಅಂಟಿಸಿದ ಟಿಕೆಟ್ಟು. ಓದಿದವನಲ್ಲವಲ್ಲ ನಾನು, ಸೀಲು ನೋಡಿದ್ದೇ ಸರಕಾರವೇ ಒಪ್ಪಿದ ಹಾಗೆ ಅನಿಸಿತು. ನೋಟರಿ ಹೇಳುವುದು ಇಷ್ಟೇ: ಈ ಕಾಗದಕ್ಕೆ ಈ ಜನ ನನ್ನ ಮುಂದೆ ಸಹಿ ಹಾಕಿದರು. ಹೊಲ ಅವರದ್ದಾ, ಮಾರುವ ಹಕ್ಕು ಅವರಿಗಿದೆಯಾ, ಇದನ್ನು ಅವರು ನೋಡುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕು ಬದಲಾಗಬೇಕಾದರೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆಯ 17ನೇ ಕಲಮು ಇದನ್ನೇ ಹೇಳುತ್ತೆ. ಮುಖತ್ಯಾರ ಪತ್ರದ ಮೇಲೆ ಮಾರಿದರೂ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದನ್ನೆಲ್ಲ ವಕೀಲರು ನನಗೆ ಹೇಳಿದ್ದು ಎರಡು ವರ್ಷ ತಡವಾಗಿ.

ರೊಕ್ಕ ಹೇಗೆ ಹೋಯಿತು ಅಂತಲೂ ಹೇಳುತ್ತೇನೆ. ಇಸಾರ ಒಂದು ಲಕ್ಷ, ಭಿಶಿ (ಚೀಟಿ) ಎತ್ತಿ ಕೊಟ್ಟೆ. ಪಿಎಫ್‌ನಿಂದ 1,60,000 ತೆಗೆದೆ. ಹೆಂಡತಿಯ ತವರಿನ ಪಾಟಲಿ (ಚಿನ್ನದ ಬಳೆ) ಅಡವಿಟ್ಟು 1,40,000. ಆಮೇಲೆ ತಿಂಗಳಿಗೆ 8,000ದಂತೆ 18 ಕಂತು. ಎಲ್ಲವೂ ನಗದು. ಏಜೆಂಟ್ ಒಂದು ಸಣ್ಣ ಡೈರಿಯಲ್ಲಿ ಬರೆದು ಸಹಿ ಹಾಕುತ್ತಿದ್ದ. ಹೊಲದ ಮಾಲೀಕನ ಸಹಿ ಒಂದು ಕಂತಿಗೂ ಇಲ್ಲ. ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಆದಾಯ ತೆರಿಗೆ ಕಾಯ್ದೆ ಪ್ರಕಾರ ತಪ್ಪು. "ಬರೀ ಕ್ಯಾಶ್ ಕೊಡ್ರಿ" ಅಂದಾಗಲೇ ನಾನು ಎದ್ದು ಬರಬೇಕಿತ್ತು.

ಆರು ತಿಂಗಳು ಒಂದೂವರೆ ವರ್ಷ ಆಯಿತು. ಎನ್‌ಎ ಸುದ್ದಿ ಇಲ್ಲ. 2023ರ ಮಳೆಗಾಲದಲ್ಲಿ ಒಮ್ಮೆ ಹೋದಾಗ ಮೊಣಕಾಲುದ್ದ ನೀರು. ನನ್ನ 17ನೇ ನಂಬರಿನ ಕಲ್ಲು ಕೆಸರಿನಲ್ಲಿ ಅಡ್ಡ ಬಿದ್ದಿತ್ತು. ಎತ್ತಿ ನಿಲ್ಲಿಸಿ ಬಂದೆ. ಭತ್ತದ ಗದ್ದೆ ಅದು, ನೀರು ನಿಲ್ಲುವುದು ಸಹಜ. ಮನೆ ಕಟ್ಟುವ ಜಾಗಕ್ಕೆ ಚರಂಡಿ ಎಲ್ಲಿದೆ ಅಂತ ಅವತ್ತೂ ನಾನು ಕೇಳಲಿಲ್ಲ.

2024ರ ಜನವರಿಯಲ್ಲಿ ಒಂದು ಭಾನುವಾರ, ಹೆಂಡತಿ ಮಗಳನ್ನು ಕರಕೊಂಡು ಹೋದೆ. ಒಂದು ತೆಂಗಿನ ಸಸಿಯನ್ನೂ ತಗೊಂಡಿದ್ದೆವು. ದಾರಿಯ ಬಾಯಲ್ಲೇ ತಗಡಿನ ಬೋರ್ಡು. ಕೆಂಪು ಬಣ್ಣದಲ್ಲಿ "ಈ ಜಮೀನು ಕೋರ್ಟಿನಲ್ಲಿ ವ್ಯಾಜ್ಯದಲ್ಲಿದೆ. ಯಾರೂ ಖರೀದಿ ಮಾಡಬಾರದು" ಅಂತ ಬರೆದಿದ್ದರು. ಒಳಗೆ ಅರ್ಧ ಹೊಲದಲ್ಲಿ ಮಸೂರ ಬಿತ್ತಿದ್ದರು. ನಮ್ಮ ಕಲ್ಲುಗಳನ್ನು ಕಿತ್ತು ಬದುವಿನ ಮೇಲೆ ಸಾಲಾಗಿ ಇಟ್ಟಿದ್ದರು. ಕಸ ತೆಗೆಯುತ್ತಿದ್ದ ಹಿರಿಯ ಹೆಣ್ಣುಮಗಳು ಎದ್ದು ಬಂದರು. ಹೊಲ ಮಾರಿದವನ ಅಕ್ಕ ಅವರು.

"ತಮ್ಮಾ, ಇದು ನಮ್ಮಪ್ಪನ ಹೊಲ. ನಾವು ಐದು ಮಂದಿ ಅದೀವಿ. ಅವಾ ಒಬ್ಬಾವ ಹೆಂಗ ಮಾರತಾನ? ರೊಕ್ಕ ಕೊಡೂ ಮುಂದ ಉತಾರ ನೋಡ್ಲಿಲ್ಲೇನ್ ನೀ?" ಅಂದರು. ಸಿಟ್ಟಿನಿಂದ ಅಲ್ಲ, ಮರುಗಿ ಕೇಳಿದರು. ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಸಸಿಯನ್ನು ವಾಪಸ್ ತಂದೆವು.

ಅವತ್ತು ರಾತ್ರಿ ಮೊಬೈಲ್‌ನಲ್ಲಿ ಉತಾರ ತೆಗೆದೆ. ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಊರು, ಸರ್ವೆ ನಂಬರ್, ಹಿಸ್ಸಾ ನಂಬರ್ ಹಾಕಿದರೆ ಸಾಕು. ನೋಡಲಿಕ್ಕೆ ಒಂದು ಪೈಸೆ ಖರ್ಚಿಲ್ಲ. ಎರಡು ಎಕರೆ 12 ಗುಂಠೆ. ಕಾಲಂ 9ರಲ್ಲಿ ಜಂಟಿಯಾಗಿ ಐದು ಹೆಸರು: ಮೂವರು ಅಣ್ಣ ತಮ್ಮಂದಿರು, ಇಬ್ಬರು ಹೆಣ್ಣುಮಕ್ಕಳು. ಕಾಲಂ 11ರಲ್ಲಿ ಸೊಸೈಟಿ ಸಾಲದ ಬೋಜಾ (ಹೊರೆ). ನನ್ನ ಬಾಂಡ್ ಮೇಲೆ ಇದ್ದದ್ದು ಒಬ್ಬನ ಹೆಬ್ಬೆಟ್ಟು. ಅವನ ಪಾಲು ಐದರಲ್ಲಿ ಒಂದು, ಅಂದರೆ 18 ಗುಂಠೆ ಚಿಲ್ಲರೆ. ರಸ್ತೆ ಬಿಡದೆ ಅಳೆದರೂ 16 ಪ್ಲಾಟ್ ಆಗುತ್ತೆ. ನಕ್ಷೆಯಲ್ಲಿ 58 ಇದ್ದವು. ಹತ್ತು ನಿಮಿಷದ ಕೆಲಸ. ನಾನು ಅದನ್ನು ಮಾಡಿದ್ದು ಐದು ಲಕ್ಷ ಕೊಟ್ಟ ಮೇಲೆ.

ಹೆಣ್ಣುಮಕ್ಕಳದ್ದು ಏನು ಬಿಡ್ರಿ, ಸಹಿ ಹಾಕ್ತಾರೆ ಅಂತ ಏಜೆಂಟರು ಈಗಲೂ ಹೇಳುತ್ತಾರೆ. ಹಾಗಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತೆ. ಆಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಆ ಅಕ್ಕ ತನ್ನ ಹಕ್ಕು ಕೇಳಿದ್ದಾರೆ, ಅದರಲ್ಲಿ ತಪ್ಪಿಲ್ಲ. ಹೆಬ್ಬೆಟ್ಟು ಒತ್ತಿದ ತಮ್ಮನ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ. ಅವನಿಗೆ ಸಿಕ್ಕಿದ್ದು ಎರಡು ಲಕ್ಷ ಮುಂಗಡ ಅಷ್ಟೇ ಅಂತೆ. ಉಳಿದದ್ದೆಲ್ಲ ಎಲ್ಲಿ ಹೋಯಿತು ಅಂತ ಗೊತ್ತಿರುವವನು ಏಜೆಂಟ್ ಒಬ್ಬನೇ.

ಇನ್ನೊಂದು ವಿಷಯ ಆಮೇಲೆ ಬಯಲಾಯಿತು. 17ನೇ ನಂಬರಿನ ಬಾಂಡ್ ಇನ್ನೊಂದು ಕಾರ್ಖಾನೆಯ ವೆಲ್ಡರ್ ಹತ್ತಿರವೂ ಇತ್ತು! ಇಬ್ಬರೂ ಚಹಾದ ಅಂಗಡಿಯಲ್ಲಿ ಕೂತು ಎರಡೂ ಬಾಂಡ್ ಪಕ್ಕಪಕ್ಕ ಇಟ್ಟು ನೋಡಿದೆವು. ಅದೇ ಅಳತೆ, ಅದೇ ಚಕ್ಕುಬಂದಿ, ಬೇರೆ ತಾರೀಖು. ಬಾಂಡ್ ಎಲ್ಲಿಯೂ ನೋಂದಣಿ ಆಗದ ಕಾರಣ ಇಸಿ (ಋಣಭಾರ ಪತ್ರ) ತೆಗೆದರೂ ಕಾಣುವುದಿಲ್ಲ. ಒಂದೇ ಪ್ಲಾಟನ್ನು ಹತ್ತು ಜನಕ್ಕೆ ಮಾರಿದರೂ ತಿಳಿಯುವ ದಾರಿ ಇಲ್ಲ.

ಠಾಣೆಗೆ ಹೋದೆವು. ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಅಂದರು. ಆಗಸ್ಟ್‌ನಲ್ಲಿ ಏಜೆಂಟ್ ಎರಡು ಲಕ್ಷದ ಚೆಕ್ ಕೊಟ್ಟ. ಅದು ಬೌನ್ಸ್ ಆಯಿತು. "ಗಣಪತಿ ಕಳಸೋದು ಮುಗೀಲಿ ಅಣ್ಣಾ, ಕೊಟ್ಟಬಿಡ್ತೀನಿ" ಅಂದ. ಇಲ್ಲಿ ಎಚ್ಚರ ಇರಲಿ. ಬ್ಯಾಂಕಿನವರು ಚೆಕ್ ವಾಪಸ್ ಮಾಡಿದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೇಸ್ ಹಾಕಬೇಕು. ನಾನು ಗಣಪತಿ ತನಕ ಕಾಯಲಿಲ್ಲ. ನನ್ನ ಹಾಗೇ ಚೆಕ್ ತಗೊಂಡಿದ್ದ ಜೊತೆಯವನೊಬ್ಬ ದೀಪಾವಳಿ ದಾಟಿ ನವೆಂಬರ್ ಕೊನೆ ತನಕ ಕಾದ. ಚೆಕ್‌ನ ಮೂರು ತಿಂಗಳ ಅವಧಿಯೂ ಮುಗಿದಿತ್ತು, ನೋಟಿಸಿನ ಅವಧಿಯೂ ಹೋಗಿತ್ತು. "ನಾಳೆ ಕೊಡ್ತೀನಿ, ಹಬ್ಬ ಮುಗೀಲಿ" ಅನ್ನುವುದೆಲ್ಲ ಈ ದಿನಗಳನ್ನು ಕಳೆಯಲಿಕ್ಕೇ. ಕೊಟ್ಟ ರೊಕ್ಕ ವಾಪಸ್ ಕೇಳುವ ದಾವೆಗೂ ಸಾಮಾನ್ಯವಾಗಿ ಮೂರೇ ವರ್ಷದ ಗಡುವು.

ವಕೀಲರ ಫೀ ಎಲ್ಲಿಂದ ತರೋದು ಅಂತ ಕೂತವರಿಗೆ ಒಂದು ಮಾತು. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಹೌದು, ಕಾರ್ಮಿಕರು ಅಂತ ಕಾಯ್ದೆಯಲ್ಲೇ ಬರೆದಿದೆ. ನಮ್ಮ ಉದ್ಯಮಬಾಗದಲ್ಲಿ ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನನ್ನ ದಾವೆ ನಡೆಯುತ್ತಿರುವುದು ಹಾಗೇ.

ಪ್ಲಾಟ್ ನೋಡುತ್ತಿರುವವರು ಮೊದಲು ಸರ್ವೆ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಉತಾರದಲ್ಲಿ ಎಷ್ಟು ಹೆಸರಿದೆಯೋ ಅಷ್ಟೂ ಜನರ ಸಹಿ ಬೇಕು. ವಾಟ್ನಿ (ಆಸ್ತಿ ಪಾಲು) ಆಗಿದ್ದರೆ ಅದರ ಕಾಗದ ಬೇಕು. "ಎನ್‌ಎಗೆ ಹಾಕೇವಿ" ಅನ್ನುವ ಮಾತಿಗೆ ಬೆಲೆ ಇಲ್ಲ. ಜಿಲ್ಲಾಧಿಕಾರಿಗಳ ಎನ್‌ಎ ಆದೇಶ ಕೈಗೆ ಕೊಡಲಿ, ಅದರ ಮೇಲಿನ ಸರ್ವೆ ನಂಬರ್ ಹೊಂದುತ್ತಾ ನೋಡಿ. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಹದ್ದಿನೊಳಗಿದ್ದರೆ ಬುಡಾ ಮಂಜೂರು ಮಾಡಿದ ಲೇಔಟ್ ನಕ್ಷೆ ಇರಬೇಕು. ಪಂಚಾಯ್ತಿ ಹದ್ದಿನ ಜಾಗವಾದರೆ ಇ-ಸ್ವತ್ತು ಅನ್ನುವ ಪಂಚಾಯ್ತಿ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು, ಜಾಹೀರಾತಿನಲ್ಲೇ ಆ ನಂಬರ್ ಇರಬೇಕು. ನಮ್ಮ 58 ಪ್ಲಾಟಿನ ಬಣ್ಣದ ನಕ್ಷೆಯಲ್ಲಿ ಅದು ಇರಲಿಲ್ಲ. ಈಗ ಕೆಲವರು ಬಿ ಖಾತಾ ಮಾಡಿಸಿಕೊಡ್ತೀವಿ ಅಂತಲೂ ಶುರು ಮಾಡಿದ್ದಾರೆ. ಖಾತಾ ಇರುವುದು ತೆರಿಗೆ ಕಟ್ಟಲಿಕ್ಕೆ. ಹಕ್ಕು ಬರುವುದು ನೋಂದಣಿಯಾದ ಖರೀದಿ ಪತ್ರದಿಂದ ಮಾತ್ರ.

ಪಾಟಲಿ ಇನ್ನೂ ಬ್ಯಾಂಕಿನಲ್ಲೇ ಇದೆ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಸಾಲ ಹೊಸದು ಮಾಡಿಸಿ ಬರುತ್ತೇನೆ. ತೆಂಗಿನ ಸಸಿ ಬಾಡಿಗೆ ಮನೆಯ ಮೆಟ್ಟಿಲ ಹತ್ತಿರ ಬಣ್ಣದ ಡಬ್ಬಿಯಲ್ಲಿದೆ.

ಉದ್ಯಮಬಾಗ, ಮಚ್ಛೆ ಕಡೆ ಕೆಲಸ ಮಾಡುವ ಯಾರಾದರೂ ಇಸಾರ ಕೊಡುವ ಯೋಚನೆಯಲ್ಲಿದ್ದರೆ, ಸರ್ವೆ ನಂಬರ್ ತಗೊಂಡು ಭಾನುವಾರ ನಮ್ಮ ಮನೆಗೆ ಬನ್ನಿ. ಉತಾರ ಓದುವುದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಕಾಲಂ 9, ಕಾಲಂ 11 ಬೆರಳಿಟ್ಟು ಓದಿ ಹೇಳುತ್ತಾಳೆ. ನಮ್ಮ ಶಿಫ್ಟಿನ ಮೂವರು ಈಗಾಗಲೇ ಬಂದು ಹೋದರು. ಇಬ್ಬರು ಇಸಾರ ಕೊಡುವುದನ್ನು ಬಿಟ್ಟರು.