ಒಂದೇ ಸಿನಿಮಾ, ಎರಡು ಆ್ಯಪ್: ಬೆಳಗಾವಿಯ ಮನೆಗೆ ಯಾವ ಓಟಿಟಿ ಸಾಕು?

ಟಿಳಕವಾಡಿ, ಶಹಾಪುರದ ಎಷ್ಟೋ ಮನೆಗಳಲ್ಲಿ ಕನ್ನಡ ಧಾರಾವಾಹಿ, ಮರಾಠಿ ಧಾರಾವಾಹಿ, ಹಿಂದಿ ಸಿನಿಮಾ ಮೂರೂ ಬೇಕು. ಒಂದೇ ಆ್ಯಪ್‌ಗೆ ಹಕ್ಕು ಕೊಡುವ ಎಕ್ಸ್‌ಕ್ಲೂಸಿವ್ ಒಪ್ಪಂದಗಳ ಬಿಸಿ ಹೆಚ್ಚು ತಟ್ಟುವುದು ಇಂಥವರಿಗೇ. ಹಕ್ಕುಗಳನ್ನು ಎಷ್ಟೋ ಸಲ ಭಾಷೆಗೊಂದರಂತೆ ಬಿಡಿಬಿಡಿಯಾಗಿ ಮಾರುತ್ತಾರೆ. 2022ರ ‘ಕಾಂತಾರ’ ಕನ್ನಡದಲ್ಲಿ ಪ್ರೈಮ್ ವಿಡಿಯೋಗೆ ಹೋಯಿತು, ಹಿಂದಿಯಲ್ಲಿ ನೆಟ್‌ಫ್ಲಿಕ್ಸ್‌ಗೆ. ‘ವಿಕ್ರಾಂತ್ ರೋಣ’ ಕನ್ನಡದಲ್ಲಿ ಜೀ5ಗೆ, ತೆಲುಗಿನಲ್ಲಿ ಹಾಟ್‌ಸ್ಟಾರ್‌ಗೆ. ಪೋಸ್ಟರ್ ಕಂಡ ಕೂಡಲೇ ದುಡ್ಡು ಕಟ್ಟಬೇಡಿ. ಸಿನಿಮಾದ ಪುಟ ತೆರೆದು ಆಡಿಯೋ ಭಾಷೆಗಳ ಸಾಲು ಓದಿ. ಸಬ್‌ಟೈಟಲ್ ಸಾಲು ಬೇರೆ, ಅದನ್ನು ನೋಡಿ ಮೋಸಹೋಗುವವರು ಬಹಳ.

ಧಾರಾವಾಹಿಯ ವಿಷಯ ಸುಲಭ. ಜೀ ಕನ್ನಡ, ಜೀ ಮರಾಠಿ ಎರಡೂ ಜೀ5ನಲ್ಲಿವೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಮರಾಠಿಯ ಸ್ಟಾರ್ ಪ್ರವಾಹ ಜಿಯೋಹಾಟ್‌ಸ್ಟಾರ್‌ನಲ್ಲಿ. ಎರಡರಲ್ಲಿ ಯಾವುದು ತೆಗೆದುಕೊಂಡರೂ ಎರಡು ಭಾಷೆ ಸಿಗುತ್ತದೆ. ಮನೆಯಲ್ಲಿ ಯಾವ ಚಾನೆಲ್‌ಗೆ ಜಗಳ ನಡೆಯುತ್ತದೋ ಅದನ್ನು ನೋಡಿ ಆರಿಸಿ.

ನಿಜವಾದ ತೊಡಕು ಒಪ್ಪಂದದ ಅವಧಿ. ಅಮೆರಿಕದ ಎಚ್‌ಬಿಒ ಚಾನೆಲ್‌ನ ಸರಣಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್‌ನಿಂದ ಹೊರಬಿದ್ದವು, ಮೇ ತಿಂಗಳಲ್ಲಿ ಜಿಯೋಸಿನಿಮಾ ಸೇರಿದವು. 2025ರ ಫೆಬ್ರುವರಿಯಲ್ಲಿ ಆ ಎರಡು ಆ್ಯಪ್‌ಗಳೇ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು! ನಡುವೆ ವರ್ಷದ ಚಂದಾ ಕಟ್ಟಿದ್ದವರಿಗೆ ಚಂದಾ ಉಳಿಯಿತು, ಸರಣಿ ಹೋಯಿತು. ಡೌನ್‌ಲೋಡ್ ಮಾಡಿಟ್ಟರೂ ಉಪಯೋಗವಿಲ್ಲ, ಹಕ್ಕು ಮುಗಿದರೆ ಫೋನಿನಲ್ಲಿರುವುದೂ ಓಡುವುದಿಲ್ಲ. ಆದ್ದರಿಂದ ಸಿನಿಮಾಕ್ಕಾಗಿ ವರ್ಷದ ಚಂದಾ ದಂಡ ಎಂಬುದು ನನ್ನ ಅಭಿಪ್ರಾಯ. ನೋಡಬೇಕಾದವು ಎರಡು ಮೂರು ಕೂಡಿದಾಗ ಒಂದು ತಿಂಗಳಿಗೆ ತೆಗೆದುಕೊಂಡು ಅಂದೇ ರದ್ದು ಮಾಡಿ. ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ನೋಡಬಹುದು. ಯುಪಿಐನಿಂದ ಕಟ್ಟಿದ್ದರೆ ಪಾವತಿ ಆ್ಯಪ್‌ನ ಆಟೋಪೇ (ತಾನಾಗಿ ದುಡ್ಡು ಕಡಿತ) ವಿಭಾಗಕ್ಕೆ ಹೋಗಿ ಅಲ್ಲೂ ನಿಲ್ಲಿಸಿ.

ಪ್ರೈಮ್‌ನಲ್ಲಿ ಬಾಡಿಗೆಗೂ ಸಿನಿಮಾ ಸಿಗುತ್ತವೆ. ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರುವಾದ ಮೇಲೆ 48 ಗಂಟೆ. ರಾತ್ರಿ ಅರ್ಧ ನೋಡಿ ಮಲಗುವವರು ನೆನಪಿಡಿ. 2025ರ ಜೂನ್ 17ರಿಂದ ಅಲ್ಲಿ ಜಾಹೀರಾತೂ ಬಂದಿದೆ. ಬೇಡವೆಂದರೆ ಚಂದಾ ಮೇಲೆ ವರ್ಷಕ್ಕೆ 699 ರೂಪಾಯಿ ಹೆಚ್ಚಿಗೆ ಎಂದು ಆಗ ದರ ಇಟ್ಟರು. ಇದು ನನಗಂತೂ ಹಿಡಿಸಿಲ್ಲ.

ಮೊಬೈಲ್ ರೀಚಾರ್ಜ್ ಜೊತೆ ಬರುವ ಓಟಿಟಿ ಎಷ್ಟೋ ಸಲ ಮೊಬೈಲ್‌ಗೆ ಮಾತ್ರ, ಒಂದೇ ಸಾಧನಕ್ಕೆ. ಟಿವಿಗೆ ಬೇಕಿದ್ದರೆ ರೀಚಾರ್ಜ್‌ಗೆ ಮೊದಲೇ ಅಂಗಡಿಯಲ್ಲಿ ಕೇಳಿ.