ಬಾಕ್ಸ್ ಮೇಲೆ ‘ಆಂಟಿ ಸ್ಕಿಡ್’ ಅಂತಿದ್ದರೆ ನಂಬಬೇಡಿ, ನೀರು ಹಾಕಿ ನೋಡಿ

ಕೋಲಾರ, ಮುಳಬಾಗಿಲು, ಮಾಲೂರು ಕಡೆ ಮನೆ ಕಟ್ಟಿಸುತ್ತಿರುವವರು ಬಾತ್‌ರೂಮ್ ಟೈಲ್ಸ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಂದು ಸಲ ಓದಿಬಿಡಿ. ನಮ್ಮತ್ತೆ ಹೊಸ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಒಳಗೆ ಪ್ಲೇಟ್ ಹಾಕಿದ್ದಾರೆ. ಗೃಹಪ್ರವೇಶ ಆದ ಮೇಲೆ ಬಂದ ಮೊದಲ ದೀಪಾವಳಿ, ಎಣ್ಣೆ ಸ್ನಾನದ ದಿನ.

ನೋಡಲು ಬಂದವರೆಲ್ಲ ಒಂದೇ ಮಾತು. ವಯಸ್ಸಾಯ್ತಲ್ಲ, ನಿಧಾನವಾಗಿ ಓಡಾಡಬೇಕಿತ್ತು ಅಂತ. ಅಲ್ಲ, ಅದೇ ಬೆಳಗ್ಗೆ ಕಾಲೇಜಿಗೆ ಹೋಗುವ ನನ್ನ ಮಗನೂ ಅದೇ ಜಾಗದಲ್ಲಿ ಜಾರಿ ನಲ್ಲಿ ಹಿಡಿದುಕೊಂಡು ಉಳಿದುಕೊಂಡಿದ್ದ, ಅವನಿಗೇನು ವಯಸ್ಸಾಗಿತ್ತು? ಅತ್ತೆ ಇಷ್ಟು ವರ್ಷ ಊರಿನ ಹಳೇ ಮನೆಯಲ್ಲಿ ಒರಟು ಚಪ್ಪಡಿ ಕಲ್ಲಿನ ಮೇಲೆ ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದವರು. ಒಂದು ದಿನವೂ ಬಿದ್ದವರಲ್ಲ.

ಟೈಲ್ಸ್ ತಂದದ್ದು ಪೇಟೆಯ ಒಂದು ದೊಡ್ಡ ಅಂಗಡಿಯಿಂದ. ಹೆಸರು ಬೇಡ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಜಾರದೇ ಇರುವುದೇ ಬೇಕು ಅಂತ ನಾವು ಮೊದಲೇ ಹೇಳಿದ್ದೆವು. ಅವರು ತೆಗೆದು ತೋರಿಸಿದ್ದು ಬೂದು ಬಣ್ಣದ, ಮೇಲೆಲ್ಲ ಬೆಣಚುಕಲ್ಲು ಜೋಡಿಸಿದ ಹಾಗೆ ಉಬ್ಬುಬ್ಬು ಡಿಸೈನ್ ಇರುವ ಟೈಲ್ಸ್. “ಕೈಯಲ್ಲಿ ಸವರಿ ನೋಡಿ ಮೇಡಮ್, ಪಕ್ಕಾ ಆಂಟಿ ಸ್ಕಿಡ್ಡು, ಕಣ್ಣು ಮುಚ್ಕೊಂಡು ಹಾಕ್ಸಿ” ಅಂದರು. ಸವರಿದರೆ ಉಬ್ಬು ತಗ್ಗು ಕೈಗೆ ಸಿಗುತ್ತಿತ್ತು. ಬಾಕ್ಸ್ ಮೇಲೂ ಆಂಟಿ ಸ್ಕಿಡ್ ಅಂತ ದಪ್ಪಕ್ಷರದಲ್ಲಿ ಇತ್ತು. ಇನ್ನೇನು ಬೇಕು?

ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಬಚ್ಚಲಲ್ಲಿ ಕೂತು ಮೊಬೈಲ್ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ನೋಡಿದೆ. ಆಗ ಗೊತ್ತಾಯಿತು ವಿಷಯ. ಉಬ್ಬುಗಳೇನೋ ಇವೆ, ಆದರೆ ಒಂದೊಂದು ಉಬ್ಬಿನ ನೆತ್ತಿಯೂ ಗಾಜಿನಂತೆ ಹೊಳೆಯುತ್ತಿದೆ. ಉಗುರು ಎಳೆದರೆ ಎಲ್ಲೂ ತಡೆಯುವುದೇ ಇಲ್ಲ, ಸರ್ರನೆ ಹೋಗುತ್ತದೆ. ಕಾಲು ಊರುವುದು ಆ ನೆತ್ತಿಗಳ ಮೇಲೆ ತಾನೇ, ತಗ್ಗಿನಲ್ಲಿ ಅಲ್ಲವಲ್ಲ!

ಇದು ಸ್ವಲ್ಪ ಬಿಡಿಸಿ ಹೇಳಬೇಕು. ಒದ್ದೆ ನೆಲದ ಮೇಲೆ ಕಾಲಿಟ್ಟಾಗ ಪಾದಕ್ಕೂ ಟೈಲ್ಸಿಗೂ ನಡುವೆ ನೀರಿನ ತೆಳು ಪದರ ಒಂದು ಉಳಿದುಬಿಡುತ್ತದೆ. ಪಾದ ಆ ಪದರದ ಮೇಲೆ ತೇಲಿದರೆ ಜಾರಿದ ಹಾಗೇ. ಅದನ್ನು ಚುಚ್ಚಿಕೊಂಡು ಮೇಲೆ ಬಂದು ಪಾದಕ್ಕೆ ತಾಗುವಷ್ಟು ಸಣ್ಣ ತರಿ ಟೈಲ್ಸಿನ ಮೈಯಲ್ಲಿ ಇರಬೇಕು. ಕಣ್ಣಿಗೆ ಕಾಣುವ ಡಿಸೈನ್ ಬೇರೆ, ಈ ತರಿ ಬೇರೆ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಇಟ್ಟುಕೊಂಡಿರುವ ಲೆಕ್ಕದಲ್ಲಿ, ಬರೀ ನೀರು ಬಿದ್ದ ನೆಲದಲ್ಲಿ ಈ ಒರಟುತನ 10 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಜಾರುವ ಸಂಭವ ಜಾಸ್ತಿ, 20 ದಾಟಿದರೆ ಕಡಿಮೆ. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್ ಇರುತ್ತದೆ, ಅದರಲ್ಲೂ ಒಂದು ಪಾಲು ಇದು. ಅಂಗಡಿಯ ಲೈಟಿನ ಕೆಳಗೆ ಒಣ ಕೈಯಲ್ಲಿ ಸವರಿದರೆ ಏನು ತಿಳಿಯುತ್ತದೆ ಹೇಳಿ. ಅದೂ ಬರೀ ನೀರಿನ ಲೆಕ್ಕ. ಸೋಪಿನ ನೀರು, ಎಣ್ಣೆ ಗಟ್ಟಿ, ಬೇಗ ಪಕ್ಕಕ್ಕೆ ಸರಿಯುವುದಿಲ್ಲ, ಅದಕ್ಕೆ ಇನ್ನೂ ಒರಟು ಬೇಕು.

ಹಾಗಾದರೆ ಏನು ಕೇಳಬೇಕು? ನಂಬರ್ ಕೇಳಬೇಕು. ಜಾಸ್ತಿ ಕಿವಿಗೆ ಬೀಳುವುದು ಆರ್ ರೇಟಿಂಗ್. ಇದು ಜರ್ಮನಿಯವರ ಪರೀಕ್ಷೆ. ಟೈಲ್ಸ್ ಹಾಸಿದ ಹಲಗೆಗೆ ಎಣ್ಣೆ ಸುರಿದು, ಸೇಫ್ಟಿ ಶೂ ಹಾಕಿದವರನ್ನು ಅದರ ಮೇಲೆ ನಡೆಸುತ್ತಾರೆ. ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗುತ್ತಾರೆ, ಯಾವ ಕೋನದಲ್ಲಿ ನಿಲ್ಲಲು ಆಗುವುದಿಲ್ಲವೋ ಅದನ್ನು ಬರೆದುಕೊಳ್ಳುತ್ತಾರೆ. 6ರಿಂದ 10 ಡಿಗ್ರಿ ಆದರೆ ಆರ್ 9. ಅಲ್ಲಿಂದ 19ರವರೆಗೆ ಆರ್ 10, 27ರವರೆಗೆ ಆರ್ 11, 35ರವರೆಗೆ ಆರ್ 12, ಅದಕ್ಕೂ ಮೇಲೆ ಆರ್ 13. ಇಲ್ಲಿ ಒಂದು ಮೋಸ ಇದೆ, ಗಮನಿಸಿ. ಈ ಲೆಕ್ಕ ಶುರುವಾಗುವುದೇ ಒಂಬತ್ತರಿಂದ. ಆರ್ 1, ಆರ್ 5 ಅಂತ ಯಾವುದೂ ಇಲ್ಲ. “ಇದು ಆರ್ ನೈನ್ ಸಾರ್” ಅಂತ ಯಾರಾದರೂ ಜೋರಾಗಿ ಹೇಳಿದರೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಅಂದುಕೊಳ್ಳಬೇಡಿ, ಅದು ಬರೀ ಪಾಸ್ ಮಾರ್ಕ್ಸು. ಒಣಗಿರುವ ಹಾಲ್, ರೂಮಿಗೆ ಸಾಕು. ಬಚ್ಚಲಿಗೆ ಸಾಲದು. ಬಾತ್‌ರೂಮಿಗೆ ಕಡಿಮೆ ಅಂದರೂ ಆರ್ 10 ಕೇಳಿ, ವಯಸ್ಸಾದವರು ಇದ್ದರೆ ಆರ್ 11. ಮಳೆ ಬೀಳುವ ಪೋರ್ಟಿಕೋ, ಪಾತ್ರೆ ತೊಳೆಯುವ ಯುಟಿಲಿಟಿಗೂ ಆರ್ 11.

ಬರಿಗಾಲಿಗೆ ಬೇರೆಯೇ ಪರೀಕ್ಷೆ ಇದೆ. ಅದರಲ್ಲಿ ಎಣ್ಣೆಯ ಬದಲು ಸೋಪಿನ ನೀರು, ಶೂ ಇಲ್ಲ. ದರ್ಜೆ ಎ, ಬಿ, ಸಿ. ಎ ಅಂದರೆ 12 ಡಿಗ್ರಿ, ಬಿ 18, ಸಿ 24. ಇಲ್ಲಿ ಎ ಅಂದರೆ ಫಸ್ಟ್ ಕ್ಲಾಸ್ ಅಲ್ಲ, ಉಲ್ಟಾ, ಅದೇ ಕಡಿಮೆ. ಸ್ನಾನದ ಜಾಗಕ್ಕೆ ಬಿ ಇರಬೇಕು. ನಿಜ ಹೇಳಬೇಕೆಂದರೆ ನಮ್ಮ ಬಚ್ಚಲಿಗೆ ಸರಿಯಾಗಿ ಹೊಂದುವ ಪರೀಕ್ಷೆ ಇದೇ, ಯಾರು ಶೂ ಹಾಕಿಕೊಂಡು ಸ್ನಾನ ಮಾಡುತ್ತಾರೆ? ಕೆಲವು ಕಂಪನಿಗಳು ಕೊಡುವ ಟೈಲ್ಸ್ ವಿವರದ ಶೀಟಿನಲ್ಲಿ ಪೆಂಡುಲಮ್ ಲೆಕ್ಕ ಇರುತ್ತದೆ, ಅಂದರೆ ಲೋಲಕದಂತೆ ತೂಗುವ ರಬ್ಬರ್ ತುಂಡು ನೆಲಕ್ಕೆ ಉಜ್ಜಿದಾಗ ಎಷ್ಟು ಹಿಡಿತ ಸಿಗುತ್ತದೆ ಅಂತ. ಅದು ಒದ್ದೆಯಲ್ಲಿ 36 ಅಥವಾ ಜಾಸ್ತಿ ಇದ್ದರೆ ಒಳ್ಳೆಯದು. ಅಮೆರಿಕದ ಡಿಸಿಒಎಫ್, ಅಂದರೆ ಜಾರುವಾಗ ಸಿಗುವ ಘರ್ಷಣೆಯ ಲೆಕ್ಕ, ಕೊಟ್ಟಿದ್ದರೆ ಒದ್ದೆಯಲ್ಲಿ 0.42ಕ್ಕಿಂತ ಕೆಳಗೆ ಇರಬಾರದು.

ಇದನ್ನೆಲ್ಲ ಕೇಳಿದರೆ ಅಂಗಡಿಯವರು ಬೇರೆ ಏನೇನೋ ನಂಬರ್ ಹೇಳುತ್ತಾರೆ. ನಮಗೆ “ಪಿಇಐ ಫೋರ್ ಇದೆ, ಏನೂ ಆಗಲ್ಲ” ಅಂದಿದ್ದರು. ಪಿಇಐ ಅಂದರೆ ಟೈಲ್ಸಿನ ಮೇಲ್ಮೈ ಓಡಾಟಕ್ಕೆ ಎಷ್ಟು ಸವೆಯುತ್ತದೆ ಅನ್ನುವ ಲೆಕ್ಕ. ಜಾರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವಿಟ್ರಿಫೈಡ್, ನೀರು ಹೀರುವುದು 0.5 ಪರ್ಸೆಂಟ್‌ಗಿಂತ ಕಡಿಮೆ ಅನ್ನುವುದೂ ಹಾಗೇ. ಅದು ಟೈಲ್ಸ್ ಗಟ್ಟಿ ಅಂತ ಹೇಳುತ್ತದೆ ಅಷ್ಟೇ, ಕನ್ನಡಿ ಥರ ಪಾಲಿಶ್ ಮಾಡಿದ ವಿಟ್ರಿಫೈಡ್ ಒದ್ದೆಯಾದರೆ ಎಷ್ಟು ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು.

ಶೀಟ್ ಸಿಗಲಿಲ್ಲವಾ? ಸ್ಯಾಂಪಲ್ ಪೀಸ್ ಎರಡು ಕೇಳಿ, ಹೊರಗೆ ಸಮನಾದ ನೆಲದ ಮೇಲಿಡಿ. ನೀರು ಸುರಿದು ಎರಡು ಹನಿ ಶಾಂಪೂ ಹಾಕಿ. ಜೊತೆಯವರ ಭುಜ ಗಟ್ಟಿಯಾಗಿ ಹಿಡಿದುಕೊಂಡು ಬರಿಗಾಲಲ್ಲಿ ನಿಂತು ಪಾದವನ್ನು ಮುಂದಕ್ಕೆ ತಳ್ಳಿ. ಪಕ್ಕದಲ್ಲಿ ಪಾಲಿಶ್ ಟೈಲ್ಸ್ ಒಂದನ್ನು ಇಟ್ಟುಕೊಂಡರೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಇದು ಲ್ಯಾಬ್ ಟೆಸ್ಟಿಗೆ ಸಮ ಅಲ್ಲ, ಆದರೆ ತೀರಾ ಕೆಟ್ಟದ್ದು ಇಲ್ಲೇ ಸಿಕ್ಕಿಬೀಳುತ್ತದೆ. ಅಂಗಡಿ ಗಲೀಜಾಗುತ್ತದೆ ಅಂತ ಗೊಣಗುತ್ತಾರೆ, ಗೊಣಗಲಿ ಬಿಡಿ.

ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ, ನೀರು. ಕೋಲಾರದ ಬೋರ್‌ವೆಲ್ ನೀರು ಎಂಥ ಗಡಸು ಅಂತ ಗೀಸರ್ ರಿಪೇರಿಯವರನ್ನು ಕೇಳಿದರೆ ಸಾಕು. ಆ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗಿ ನೆಲಕ್ಕೆ ಅಂಟುತ್ತದೆ, ಟೈಲ್ಸಿನ ಸಣ್ಣ ತರಿಯೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ಆರ್ 11 ಹಾಕಿಸಿದರೂ ಬ್ರಷ್ ಹಾಕಿ ಉಜ್ಜದಿದ್ದರೆ ಪ್ರಯೋಜನ ಇಲ್ಲ. ಬರೀ ಮಾಪ್ ಸಾಲದು. ಉಜ್ಜುವ ಭರದಲ್ಲಿ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಸುರಿಯಬೇಡಿ ಮಾರಾಯ್ರೆ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ತೀರಾ ಒರಟು ಬೇಕು ಅಂತ ಆರ್ 13ಕ್ಕೂ ಹೋಗಬೇಡಿ, ಕೊಳೆ ಹಿಡಿದರೆ ಬಿಡುವುದಿಲ್ಲ.

ಅತ್ತೆ ಬಿದ್ದ ಮೇಲೆ ಮೊದಲು ರಬ್ಬರ್ ಮ್ಯಾಟ್ ತಂದೆವು. ಅದರ ಅಡಿಯ ಬಟ್ಟಲುಗಳು ಗಾಳಿ ಹೀರಿ ಹಿಡಿಯಬೇಕಾದರೆ ನೆಲ ಸಮ ಇರಬೇಕು. ಉಬ್ಬು ಟೈಲ್ಸಿನ ಮೇಲೆ ಹಿಡಿಯಲೇ ಇಲ್ಲ, ಮ್ಯಾಟೇ ಜಾರತೊಡಗಿತು. ಟೈಲ್ಸಿಗೆ ಕೆಮಿಕಲ್ ಬಳಿದು ಒರಟು ಮಾಡಿಕೊಡುತ್ತೇವೆ ಅಂತ ಒಬ್ಬರು ಬಂದರು, ಎಷ್ಟು ವರ್ಷ ಬಾಳುತ್ತದೆ ಅಂದರೆ ಉತ್ತರ ಇಲ್ಲ. ಕೊನೆಗೆ ಒಡೆಸಿದೆವು. ಹೊಸ ಟೈಲ್ಸಿನ ದುಡ್ಡಿಗಿಂತ ಒಡೆಯುವ ಕೂಲಿ, ಮತ್ತೆ ವಾಟರ್‌ಪ್ರೂಫಿಂಗ್, ಮೇಸ್ತ್ರಿ ಕೂಲಿ, ಇವೇ ಜಾಸ್ತಿ ಆಯಿತು. ಈಗ ಹಾಕಿಸಿದ್ದು ಒಂದಡಿಗೆ ಒಂದಡಿಯ, ಹೊಳಪಿಲ್ಲದ ಮ್ಯಾಟ್ ಫಿನಿಶ್ ಟೈಲ್ಸ್, ಆರ್ 11. ದೊಡ್ಡ ಟೈಲ್ಸ್ ಆದರೆ ಜಾಲಿ ಕಡೆಗೆ ಇಳಿಜಾರು ಕೊಡುವುದು ಕಷ್ಟ, ನೀರು ನಿಲ್ಲುತ್ತದೆ, ಸಣ್ಣದಾದರೆ ಸಲೀಸು ಅಂದರು ಮೇಸ್ತ್ರಿ. ಸಂದುಗಳು ಜಾಸ್ತಿ ಇರುವುದರಿಂದ ಕಾಲಿಗೂ ಸ್ವಲ್ಪ ಹಿಡಿತ. ಗೋಡೆಗೆ ಸ್ಟೀಲ್ ಹಿಡಿಯನ್ನು ಡ್ರಿಲ್ ಮಾಡಿ ಕೂರಿಸಿದೆವು, ಅಂಟಿಸುವ ಥರದ್ದು ಬೇಡ.

ಇದೇ ಮಾತು ಮೆಟ್ಟಿಲಿಗೂ. ಪಕ್ಕದ ಮನೆಯವರು ಹೊರಗಿನ ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಹಾಕಿಸಿ ಈಗ ಮಳೆ ಬಂದಾಗೆಲ್ಲ ಗೋಣಿಚೀಲ ಹಾಸುತ್ತಾರೆ. ಅದೇ ಗ್ರಾನೈಟನ್ನು ಫ್ಲೇಮ್ಡ್ ಮಾಡಿಸಿದ್ದರೆ ಸಾಕಿತ್ತು. ಕಲ್ಲಿನ ಮೇಲೆ ಜೋರು ಬೆಂಕಿ ಹಾಯಿಸುತ್ತಾರೆ, ಮೇಲಿನ ಹರಳುಗಳು ಸಿಡಿದು ಮೈ ತರಿತರಿ ಆಗುತ್ತದೆ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ “ಎಣ್ಣೆ ಹಚ್ಕೊಂಡ್ರೆ ಯಾವ ಟೈಲ್ಸಾದ್ರೂ ಜಾರುತ್ತೆ ಮೇಡಮ್” ಅಂದರು. ನಮ್ಮ ಬಿಲ್ಲಿನಲ್ಲಿ ಇದ್ದದ್ದು ಸೈಜು, ಬಾಕ್ಸ್ ಲೆಕ್ಕ, ರೇಟು ಮಾತ್ರ. ಆಂಟಿ ಸ್ಕಿಡ್ ಅನ್ನುವ ಒಂದಕ್ಷರ ಇಲ್ಲ, ಖಾಲಿ ಬಾಕ್ಸುಗಳು ಯಾವತ್ತೋ ಗುಜರಿಗೆ ಹೋಗಿವೆ. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ದೂರಿನ ಫೀಸೂ ಇಲ್ಲ, ಆದರೆ ಕೈಯಲ್ಲಿ ಕಾಗದ ಇರಬೇಕಲ್ಲ. ಎರಡನೇ ಸಲ ಬೇರೆ ಅಂಗಡಿಯಲ್ಲಿ ತಗೊಂಡಾಗ ನಮ್ಮನೆಯವರು ಪಟ್ಟು ಹಿಡಿದು ಮಾಡೆಲ್ ನಂಬರ್, ಮ್ಯಾಟ್ ಫಿನಿಶ್, ಆರ್ 11, ಮೂರನ್ನೂ ಬಿಲ್ಲಿನ ಮೇಲೆ ಬರೆಸಿದರು. ಅಂಗಡಿಯವರು ಮುಖ ಸಿಂಡರಿಸಿದರು, ಆದರೆ ಬರೆದು ಸೀಲ್ ಹಾಕಿ ಕೊಟ್ಟರು. ಕಂಪನಿಯ ಶೀಟನ್ನೂ ವಾಟ್ಸಾಪ್ ಮಾಡಿದರು. ಬಾಕ್ಸಿನ ಒಂದು ರಟ್ಟನ್ನು ಕತ್ತರಿಸಿ ಬಿಲ್ಲಿನ ಜೊತೆಗೇ ಇಟ್ಟಿದ್ದೇವೆ.